ಹೇರ್ ಪ್ಯಾಚ್ ಹಾಕಿಸುವ ಮುನ್ನ: ದುಡ್ಡು ಕಟ್ಟುವ ಮೊದಲು ಏನೇನು ನೋಡಬೇಕು?

ಹೇರ್ ಫಿಕ್ಸಿಂಗ್, ಹೇರ್ ಬಾಂಡಿಂಗ್, ಹೇರ್ ಸಿಸ್ಟಮ್, ನಾನ್-ಸರ್ಜಿಕಲ್ ಹೇರ್ ರಿಪ್ಲೇಸ್‌ಮೆಂಟ್ ಎಂದು ಬೋರ್ಡಿನ ಮೇಲೆ ಯಾವ ಹೆಸರಿದ್ದರೂ ಒಳಗೆ ಸಿಗುವುದು ಒಂದೇ ಜಾತಿಯ ವಸ್ತು. ತೆಳುವಾದ ಜಾಲರಿಗೋ ಪ್ಲಾಸ್ಟಿಕ್ ಹಾಳೆಗೋ ಎಳೆ ಎಳೆಯಾಗಿ ಕೂದಲು ಕಟ್ಟಿ ಮಾಡಿದ ಪ್ಯಾಚ್ ಅದು. ಅದನ್ನು ನೆತ್ತಿಯ ಮೇಲೆ ಕೂರಿಸಿ, ಸುತ್ತಲಿರುವ ನಿಮ್ಮ ಸ್ವಂತ ಕೂದಲಿನ ಜತೆ ಬೆರೆಯುವ ಹಾಗೆ ಕತ್ತರಿಸುತ್ತಾರೆ. ಒಂದೆರಡು ಗಂಟೆಯ ಕೆಲಸ. ಕೆಲಸ ಮುಗಿದು ಕುರ್ಚಿ ತಿರುಗಿಸಿದಾಗ ಕನ್ನಡಿಯಲ್ಲಿ ಹತ್ತು ವರ್ಷ ಹಿಂದಿನ ಮುಖ ಕಾಣುತ್ತದೆ. ಕಣ್ಣು ತುಂಬಿಕೊಳ್ಳುವವರನ್ನು ನಾನು ನೋಡಿದ್ದೇನೆ. ವರ್ಷಗಟ್ಟಲೆ ಟೋಪಿ ಹಾಕಿಕೊಂಡೇ ಮದುವೆ ಮನೆಗೆ ಹೋದವರಿಗೆ ಅದು ಸಣ್ಣ ಸಂತೋಷವೇನಲ್ಲ.

ಆದರೆ ಮೊದಲ ದಿನದ ಕನ್ನಡಿ ನೋಡಿ ಪ್ಯಾಚ್ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಹೊಸದರಲ್ಲಿ ಎಲ್ಲ ಪ್ಯಾಚೂ ಚೆನ್ನಾಗಿಯೇ ಕಾಣುತ್ತದೆ. ಮೂರನೇ ತಿಂಗಳಲ್ಲಿ ಅದು ಹೇಗಿರುತ್ತದೆ, ತಿಂಗಳಿಗೆ ಎಷ್ಟು ಕೇಳುತ್ತದೆ, ಅದರ ಕೆಳಗಿನ ಚರ್ಮ ಆರೋಗ್ಯವಾಗಿದೆಯೇ, ಇವೇ ನೋಡಬೇಕಾದ ಸಂಗತಿಗಳು. ಪ್ಯಾಚ್ ಒಮ್ಮೆ ಕೊಂಡು ಮುಗಿಯುವ ವಸ್ತುವಲ್ಲ, ತಿಂಗಳು ತಿಂಗಳೂ ನಡೆಸಿಕೊಂಡು ಹೋಗಬೇಕಾದ ವ್ಯವಸ್ಥೆ. ನಾನೂ ಪ್ಯಾಚ್ ಧರಿಸುವವನೇ, ಹಾಕಿಸಿಕೊಳ್ಳಬೇಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಸರಿಯಾಗಿ ನೋಡಿ ಆರಿಸಿಕೊಳ್ಳಿ ಎಂದಷ್ಟೇ ನನ್ನ ಕಳಕಳಿ.

1. ಕೂದಲು ಯಾಕೆ ಹೋಗುತ್ತಿದೆ ಎಂದು ಮೊದಲು ತಿಳಿಯಿರಿ

ಪ್ಯಾಚ್ ಸೆಂಟರಿಗೆ ಹೋಗುವ ಮೊದಲು ಚರ್ಮರೋಗ ತಜ್ಞರ ಬಳಿ ಹೋಗಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಡೆಂಗಿ, ಟೈಫಾಯಿಡ್‌ನಂಥ ಜ್ವರ ಬಂದು ಹೋದ ಮೇಲೆ, ಹೆರಿಗೆ ಆದ ಮೇಲೆ, ದೊಡ್ಡ ಆಪರೇಷನ್ ಆದ ಮೇಲೆ ಎರಡು-ಮೂರು ತಿಂಗಳು ಬಿಟ್ಟು ಕೂದಲು ಹಿಡಿ ಹಿಡಿಯಾಗಿ ಉದುರುವುದುಂಟು. ಬಚ್ಚಲ ಜಾಲರಿ ಕಟ್ಟಿಕೊಳ್ಳುವಷ್ಟು ಉದುರಿದರೂ ಬೇರು ಸತ್ತಿರುವುದಿಲ್ಲ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಅದು ತಾನಾಗಿಯೇ ಹತೋಟಿಗೆ ಬರುತ್ತದೆ. ಇಂಥವರಿಗೆ ಪ್ಯಾಚ್ ಬೇಕಾಗಿಲ್ಲ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿದ್ದರೆ, ಥೈರಾಯ್ಡ್ ಏರುಪೇರಾಗಿದ್ದರೆ, ಹೆಣ್ಣುಮಕ್ಕಳಿಗೆ ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇದ್ದರೆ ಅದಕ್ಕೆ ಚಿಕಿತ್ಸೆ ಮೊದಲು.

ನಾಣ್ಯದ ಅಗಲಕ್ಕೆ ನುಣ್ಣಗೆ ಉದುರಿದ್ದರೆ ಅದು ಅಲೋಪೀಸಿಯ ಏರಿಯೇಟ ಇರಬಹುದು. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲ ಬೇರಿನ ಮೇಲೆ ಬೀಳುವ ಕಾಯಿಲೆ ಇದು, ಮತ್ತೆ ಬೆಳೆಯುವ ಸಾಧ್ಯತೆಯೂ ಇರುತ್ತದೆ. ನೆತ್ತಿಯಲ್ಲಿ ಉರಿ, ಕೀವು, ಕಲೆಗಟ್ಟಿ ಹೊಳೆಯುವ ಚರ್ಮ ಇದ್ದರೆ ಒಂದು ದಿನವೂ ತಡಮಾಡಬೇಡಿ. ಅಂಥ ಜಾಗದ ಮೇಲೆ ಅಂಟು ಹಾಕಿ ಪ್ಯಾಚ್ ಮುಚ್ಚಿದರೆ ಕಾಯಿಲೆ ಒಳಗೊಳಗೇ ಹರಡುತ್ತದೆ.

ಗಂಡಸರಲ್ಲಿ ಹೆಚ್ಚಾಗಿ ಕಾಣುವುದು ವಂಶಪಾರಂಪರ್ಯವಾಗಿ ಬರುವ ಬೊಕ್ಕತಲೆ. ಹಣೆಯ ಎರಡು ಮೂಲೆಯಿಂದ ಹಿಂದೆ ಸರಿಯುತ್ತ, ನಡುನೆತ್ತಿಯಲ್ಲಿ ಬಯಲಾಗುತ್ತ ಹೋಗುತ್ತದೆ. ವೈದ್ಯರು ಇದನ್ನು ನಾರ್ವುಡ್ ಅಳತೆಯಲ್ಲಿ ಒಂದರಿಂದ ಏಳರವರೆಗೆ ಗುರುತಿಸುತ್ತಾರೆ. ನೀವು ಎರಡು-ಮೂರರ ಹಂತದಲ್ಲಿದ್ದರೆ, ಕೂದಲು ಇನ್ನೂ ಉಳಿದಿದ್ದರೆ, ಮಿನಾಕ್ಸಿಡಿಲ್‌ನಂಥ ಔಷಧದ ಬಗ್ಗೆ ವೈದ್ಯರನ್ನು ಮೊದಲು ಕೇಳಿ. ಯಾಕೆಂದರೆ ಅಂಟು ಹಾಕಿ ಕೂರಿಸುವ ಪ್ಯಾಚಿಗೆ ಅದರ ಕೆಳಗಿನ ಜಾಗವನ್ನು ಬೋಳಿಸಬೇಕಾಗುತ್ತದೆ. ಬೋಳಿಸಿದ ಮಾತ್ರಕ್ಕೆ ಬೇರು ಸಾಯುವುದಿಲ್ಲ, ನಿಜ. ಆದರೆ ಪ್ರತಿ ಸರ್ವಿಸ್‌ನಲ್ಲೂ, ಅಂದರೆ ಪ್ಯಾಚ್ ತೆಗೆದು ತೊಳೆದು ಮತ್ತೆ ಕೂರಿಸುವಾಗಲೆಲ್ಲ, ಬೋಳಿಸುತ್ತ ಹೋದರೆ ನಿಮ್ಮ ಸ್ವಂತ ಕೂದಲು ಎಷ್ಟು ಉಳಿದಿದೆ ಎಂಬುದೇ ನಿಮಗೆ ತಿಳಿಯುವುದಿಲ್ಲ. ಮೂರು ವಾರ ಅಂಟಿಕೊಂಡೇ ಇರುವ ಪ್ಯಾಚಿನ ಕೆಳಗೆ ದಿನವೂ ಔಷಧ ಹಚ್ಚಲೂ ಆಗುವುದಿಲ್ಲ. ಇಪ್ಪತ್ತೆರಡು-ಇಪ್ಪತ್ಮೂರರ ಹುಡುಗರು ಅವಸರಪಟ್ಟು ಪೂರ್ತಿ ಬೋಳಿಸಿಕೊಂಡು ಪ್ಯಾಚ್ ಹಾಕಿಸಿಕೊಳ್ಳುವುದನ್ನು ನೋಡಿದಾಗ ನನಗೆ ಬೇಜಾರಾಗುವುದು ಇದಕ್ಕೇ.

ಸೆಂಟರಿನವರು ಪ್ಯಾಚಿನ ಜತೆ ಎಣ್ಣೆಯನ್ನೋ ಸೀರಮ್ಮನ್ನೋ ಸೇರಿಸಿ, ಬೋಳಾದ ಜಾಗದಲ್ಲಿ ಖಂಡಿತ ಕೂದಲು ಬರುತ್ತದೆ ಎಂದರೆ ಎದ್ದು ಬನ್ನಿ. ವಾಸಿ ಮಾಡುತ್ತೇವೆಂದು ಔಷಧದ ಮೇಲೆ ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿಯೊಂದು ನಮ್ಮ ಔಷಧ ನಿಯಮಾವಳಿಯಲ್ಲಿದೆ, ಶೆಡ್ಯೂಲ್ ಜೆ ಎಂದು. ಅದರಲ್ಲಿ ಬೊಕ್ಕತಲೆಯೂ ಸೇರಿದೆ.

2. ನಿಮಗೆ ಬೇಕಾದದ್ದು ಪ್ಯಾಚೇ ಹೌದಾ?

ಕೂದಲು ತೆಳುವಾಗಿ ನೆತ್ತಿ ಕಾಣುತ್ತಿದೆ, ಅಷ್ಟೇ ಎಂದಾದರೆ ಹೇರ್ ಫೈಬರ್ ಪುಡಿ ಸಾಕಾಗಬಹುದು. ಅದು ಕೆರಾಟಿನ್ನಿನ, ಅಂದರೆ ಕೂದಲಿನಲ್ಲೇ ಇರುವ ಪ್ರೋಟೀನಿನ, ಸಣ್ಣ ಎಳೆಗಳು. ಉದುರಿಸಿಕೊಂಡರೆ ಇರುವ ಕೂದಲಿಗೆ ಅಂಟಿ ದಟ್ಟವಾಗಿ ಕಾಣಿಸುತ್ತದೆ, ತಲೆಗೆ ನೀರು ಹಾಕಿಕೊಂಡರೆ ಹೋಗುತ್ತದೆ. ಪೂರ್ತಿ ಬೋಳಾದ ಜಾಗದಲ್ಲಿ ಅದು ನಿಲ್ಲುವುದಿಲ್ಲ. ನೆತ್ತಿಗೆ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ಬಣ್ಣ ಹಾಕಿಸುವ ಮೈಕ್ರೋಪಿಗ್ಮೆಂಟೇಶನ್ ಇದೆ. ತಲೆ ನುಣ್ಣಗೆ ಬೋಳಿಸಿಕೊಂಡೇ ಇರುವವರಿಗೆ ಇದು ಒಪ್ಪುತ್ತದೆ. ಆದರೆ ಅದು ಹಚ್ಚೆಯ ಹಾಗೆ, ಬೇಡವೆನಿಸಿದರೆ ತೆಗೆಸುವುದು ಕಷ್ಟ.

ಆಪರೇಷನ್ ಇಲ್ಲದೆ ಕೃತಕ ಕೂದಲನ್ನು ನೇರವಾಗಿ ನೆತ್ತಿಯೊಳಗೆ ನೆಡುತ್ತೇವೆ ಎನ್ನುವವರಿಂದ ದೂರ ಇರಿ. ಕೃತಕ ಎಳೆಗಳನ್ನು ಚರ್ಮದೊಳಗೆ ಕೂರಿಸುವ ಪದ್ಧತಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1983ರಲ್ಲೇ ನಿಷೇಧಿಸಿತು. ದೇಹ ಆ ಎಳೆಯನ್ನು ಪರಕೀಯ ವಸ್ತುವೆಂದು ಹೊರಗೆ ತಳ್ಳುತ್ತದೆ, ಜಾಗ ಸೋಂಕಾಗುತ್ತದೆ, ಕಲೆ ಉಳಿಯುತ್ತದೆ.

3. ಬೇಸ್ ಆರಿಸುವುದು

ಬಹುತೇಕರು ಕೂದಲನ್ನಷ್ಟೇ ಮುಟ್ಟಿ ನೋಡುತ್ತಾರೆ. ನೀವು ಪ್ಯಾಚನ್ನು ಮಗುಚಿ ಹಾಕಿ ಬೇಸ್, ಅಂದರೆ ಕೂದಲು ಕಟ್ಟಿರುವ ಜಾಲರಿ ಅಥವಾ ಹಾಳೆ, ನೋಡಿ. ಸೆಖೆ, ಬಾಳಿಕೆ, ಸಹಜವಾಗಿ ಕಾಣುವುದು, ಮೂರೂ ನಿಂತಿರುವುದು ಇದರ ಮೇಲೆ.

ಲೇಸ್ ಎಂದರೆ ಜೇಡರ ಬಲೆಯಷ್ಟು ತೆಳುವಾದ ಜಾಲರಿ. ಗಾಳಿ ಆಡುತ್ತದೆ, ಬೆವರು ಆರುತ್ತದೆ, ಮುಂಗೂದಲ ಗೆರೆ ಬಹಳ ಸಹಜವಾಗಿ ಕಾಣುತ್ತದೆ. ಆದರೆ ಹರಿಯುವುದು ಬೇಗ. ಫ್ರೆಂಚ್ ಲೇಸ್, ಸ್ವಿಸ್ ಲೇಸ್ ಎಂಬವು ಜಾಲರಿಯ ಬಗೆಗಳು. ಸ್ವಿಸ್ ಇನ್ನೂ ತೆಳು, ಫ್ರೆಂಚ್ ಸ್ವಲ್ಪ ಗಟ್ಟಿ. ಆ ದೇಶದಿಂದ ಬಂದದ್ದೆಂದು ಹೇಳಿ ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ. ಈ ಪ್ಯಾಚುಗಳಲ್ಲಿ ದೊಡ್ಡ ಪಾಲು ತಯಾರಾಗುವುದು ಚೀನಾದ ಚಿಂಗ್‌ಡಾವ್ ಸುತ್ತಮುತ್ತ.

ಪಾಲಿ ಅಥವಾ ಪಿಯು ಎಂದರೆ ಚರ್ಮದ ಹಾಗೆ ಕಾಣುವ ತೆಳು ಹಾಳೆ. ಟೇಪು, ಅಂಟು ಎರಡೂ ಚೆನ್ನಾಗಿ ಹಿಡಿಯುತ್ತವೆ, ಒರೆಸಿ ಶುಚಿ ಮಾಡುವುದು ಸುಲಭ. ಆದರೆ ಗಾಳಿ ಆಡುವುದಿಲ್ಲ. ಮಂಗಳೂರು, ಕಾರವಾರದ ಸೆಖೆಯಲ್ಲಿ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಪೂರ್ತಿ ಪಿಯು ಬೇಸ್ ಹಾಕಿಕೊಂಡು ಮಧ್ಯಾಹ್ನ ತಿರುಗಾಡುವವರಿಗೆ ಅದರ ಕೆಳಗೆ ಬೆವರು ನಿಂತು ಕೆರೆತ ಶುರುವಾಗುತ್ತದೆ. ಹಾಳೆ ಎಷ್ಟು ತೆಳುವೋ ಅಷ್ಟು ಸಹಜವಾಗಿ ಕಾಣುತ್ತದೆ, ಅಷ್ಟೇ ಬೇಗ ಹಾಳಾಗುತ್ತದೆ. 0.03 ಮಿಲಿಮೀಟರಿನ ಹಾಳೆ ಕೆಲವೇ ವಾರ ಬರುವಂಥದ್ದು, 0.08ರದ್ದು ಅದಕ್ಕಿಂತ ಹೆಚ್ಚು ತಡೆಯುತ್ತದೆ. ಎಷ್ಟು ಮಿಲಿಮೀಟರ್ ಎಂದು ಕೇಳಿ. ಉತ್ತರ ಬರದಿದ್ದರೆ ಎದುರಿಗಿರುವವರಿಗೆ ತಾವು ಮಾರುತ್ತಿರುವ ವಸ್ತುವೇ ಗೊತ್ತಿಲ್ಲ ಎಂದರ್ಥ.

ಮೋನೋ ಎಂದರೆ ಗಟ್ಟಿ ನೈಲಾನ್ ಬಟ್ಟೆಯಂಥ ಜಾಲರಿ. ಮೂರರಲ್ಲಿ ಹೆಚ್ಚು ಬಾಳಿಕೆ ಇದಕ್ಕೇ. ಸರಿಯಾಗಿ ನೋಡಿಕೊಂಡರೆ ಆರು ತಿಂಗಳಿಂದ ವರ್ಷದವರೆಗೆ ಬರುತ್ತದೆ. ಮುಂಗೂದಲ ಗೆರೆ ಮಾತ್ರ ದಪ್ಪವಾಗಿ ಕಾಣುತ್ತದೆ, ಹಾಗಾಗಿ ಕೂದಲನ್ನು ಹಣೆಯ ಮೇಲೆ ಇಳಿಬಿಟ್ಟು ಬಾಚಿಕೊಳ್ಳುವವರಿಗೆ ಇದು ಸರಿ. ಹಿಂದಕ್ಕೆ ಬಾಚುವವರಿಗೆ ಮುಂದೆ ಲೇಸ್, ನಡುವೆ ಮೋನೋ ಅಥವಾ ಲೇಸ್, ಸುತ್ತಲೂ ಪಿಯು ಪಟ್ಟಿ ಇರುವ ಮಿಶ್ರ ಬೇಸ್ ಒಳ್ಳೆಯದು. ನಮ್ಮ ಹವೆಗೆ, ದಿನವೂ ಬೈಕ್ ಓಡಿಸುವವರಿಗೆ, ನನ್ನ ಅಭಿಪ್ರಾಯದಲ್ಲಿ ಈ ಮಿಶ್ರ ಬೇಸೇ ಸರಿಯಾದ ಆಯ್ಕೆ. ಟೇಪು ಪಿಯು ಪಟ್ಟಿಗೆ ಹಿಡಿಯುತ್ತದೆ, ನಡುವೆ ಗಾಳಿ ಆಡುತ್ತದೆ.

4. ಕೂದಲು ಎಂಥದ್ದು ಎಂದು ಪರೀಕ್ಷಿಸುವುದು

ನಮ್ಮ ರಾಜ್ಯಕ್ಕೂ ಈ ವ್ಯಾಪಾರಕ್ಕೂ ಹತ್ತಿರದ ನಂಟಿದೆ. ಊರೂರು ಕೇರಿ ಕೇರಿ ತಿರುಗಿ, ಬಾಚಣಿಗೆಗೆ ಸಿಕ್ಕ ಕೂದಲಿನ ಉಂಡೆಗಳನ್ನು ತೆಗೆದುಕೊಂಡು ಪಾತ್ರೆಯನ್ನೋ ಹಣವನ್ನೋ ಕೊಡುವವರನ್ನು ನೀವು ನೋಡಿಯೇ ಇರುತ್ತೀರಿ. ಕೊಪ್ಪಳದ ಪಕ್ಕದ ಭಾಗ್ಯನಗರ ಇಂಥ ಕೂದಲಿನ ದೊಡ್ಡ ಕೇಂದ್ರ. ಅಲ್ಲಿ ಉಂಡೆ ಬಿಡಿಸಿ, ಸಿಕ್ಕು ತೆಗೆದು, ತೊಳೆದು, ಇಂಚಿನ ಲೆಕ್ಕದಲ್ಲಿ ಉದ್ದ ನೋಡಿ ಕಟ್ಟು ಕಟ್ಟುತ್ತಾರೆ. ಬಹಳ ತಾಳ್ಮೆಯ, ಕಣ್ಣು ನೋಯಿಸುವ ಕೆಲಸ ಅದು. ಇನ್ನೊಂದು ಮೂಲ ದೇವಸ್ಥಾನಗಳಲ್ಲಿ ಕೊಡುವ ಮುಡಿ. ತಿರುಮಲದಲ್ಲಿ ಭಕ್ತರು ಕೊಟ್ಟ ಕೂದಲನ್ನು ದೇವಸ್ಥಾನವೇ ಹರಾಜು ಹಾಕುತ್ತದೆ.

ಈ ಎರಡಕ್ಕೂ ಇರುವ ವ್ಯತ್ಯಾಸ ನಿಮ್ಮ ಪ್ಯಾಚಿನ ಆಯಸ್ಸನ್ನು ನಿರ್ಧರಿಸುತ್ತದೆ. ಕೂದಲಿನ ಮೈಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮ ಪದರ ಇರುತ್ತದೆ, ಅದರ ಮುಖ ಬುಡದಿಂದ ತುದಿಯ ಕಡೆಗೆ. ಮುಡಿ ಕೊಟ್ಟ ಕೂದಲನ್ನು ಜುಟ್ಟು ಕಟ್ಟಿ ಒಟ್ಟಿಗೆ ತೆಗೆಯುವುದರಿಂದ ಎಲ್ಲ ಎಳೆಗಳ ಬುಡವೂ ಒಂದೇ ಕಡೆ ಇರುತ್ತದೆ. ಇದನ್ನು ರೆಮಿ ಕೂದಲು ಎನ್ನುತ್ತಾರೆ. ಬಾಚಣಿಗೆಯ ಉಂಡೆಯಲ್ಲಿ ಬುಡ-ತುದಿ ಕಲಸಿಹೋಗಿರುತ್ತವೆ. ಅವನ್ನು ಹಾಗೇ ಕಟ್ಟಿದರೆ ಎದುರುಬದುರಿನ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುತ್ತವೆ. ಹಾಗಾಗಿ ಆಸಿಡ್ಡಿನಲ್ಲಿ ಅದ್ದಿ ಆ ಪದರವನ್ನೇ ತೆಗೆದು, ಮೇಲೆ ಸಿಲಿಕಾನ್ ಲೇಪಿಸುತ್ತಾರೆ. ಮೊದಲ ದಿನ ರೇಷ್ಮೆಯೇ ನಾಚಬೇಕು, ಅಷ್ಟು ನುಣುಪು. ಹಲವು ಸಲ ತೊಳೆಯುವಷ್ಟರಲ್ಲಿ ಸಿಲಿಕಾನ್ ಹೋಗಿ ಕೂದಲು ತೆಂಗಿನ ನಾರಾಗುತ್ತದೆ.

ಪರೀಕ್ಷೆ ಸುಲಭ. ಪ್ಯಾಚಿನ ಹತ್ತಾರು ಎಳೆಗಳನ್ನು ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಿರಿ, ಆಮೇಲೆ ತುದಿಯಿಂದ ಬುಡಕ್ಕೆ. ರೆಮಿ ಕೂದಲಾದರೆ ಎರಡನೆಯ ಸಲ ಸಣ್ಣಗೆ ತಡೆಯುತ್ತದೆ. ಎರಡೂ ಕಡೆ ಒಂದೇ ಸಮ ಜಾರಿದರೆ ಪದರ ತೆಗೆದ ಕೂದಲೋ ಸಿಂಥೆಟಿಕ್ಕೋ ಇರಬೇಕು. ಒಂದೆರಡು ಎಳೆ ಕೇಳಿ ತೆಗೆದುಕೊಂಡು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ನಿಜ ಕೂದಲು ಸುಟ್ಟ ಕೂದಲಿನದೇ ವಾಸನೆ ಬಂದು ಪುಡಿಯಾಗುತ್ತದೆ. ಸಿಂಥೆಟಿಕ್ ಎಳೆ ಕರಗಿ ತುದಿಯಲ್ಲಿ ಗಟ್ಟಿ ಗುಂಡಾಗುತ್ತದೆ. ಅಂಗಡಿಯವರು ಒಪ್ಪಿದರೆ ಒಂದು ಮೂಲೆಯನ್ನು ಶಾಂಪೂ ಹಾಕಿ ತೊಳೆದು ಆರಿಸಿ ತೋರಿಸಲು ಹೇಳಿ.

ಕೂದಲು ಬಹಳ ಕರ್ರಗಿದ್ದರೆ ಬಣ್ಣ ಹಾಕಿದ್ದೇ ಎಂದು ಕೇಳಿ. ಬಿಸಿಲಿಗೆ ಬಣ್ಣ ಮಾಸಿ ಕೆಂಪಾಗುವುದು ಸಾಮಾನ್ಯ. ಆಗ ನೆತ್ತಿ ಕೆಂಚು, ಕಿವಿಯ ಹತ್ತಿರ ಕಪ್ಪು ಎಂದು ಎರಡು ಬಣ್ಣವಾಗುತ್ತದೆ. ಕಿವಿಯ ಮೇಲೆ ಹತ್ತರಲ್ಲಿ ಎರಡು ಕೂದಲು ಬೆಳ್ಳಗಾಗಿದ್ದರೆ ಪ್ಯಾಚಿನಲ್ಲೂ ಅಷ್ಟೇ ಪಾಲು ಬಿಳಿ ಕೂದಲು ಬೇಕು. ಸೆಂಟರಿನವರು ಪೂರ್ತಿ ಕಪ್ಪು ಹಾಕಿಸಿಕೊಳ್ಳಿ ಸಾರ್ ಎಂದು ಹುರಿದುಂಬಿಸುತ್ತಾರೆ. ಕೇಳಬೇಡಿ.

5. ಕೂರಿಸುವ ಬಗೆ

ಕ್ಲಿಪ್: ದಿನವೂ ತೆಗೆದು ಹಾಕಬಹುದು, ಬೋಳಿಸಬೇಕಾಗಿಲ್ಲ, ಔಷಧ ಹಚ್ಚಿಕೊಳ್ಳಬಹುದು. ಆದರೆ ಕ್ಲಿಪ್ಪು ಕಚ್ಚಿಕೊಂಡ ಜಾಗದ ಕೂದಲನ್ನು ಎಳೆಯುತ್ತಲೇ ಇರುತ್ತದೆ. ವರ್ಷಗಟ್ಟಲೆ ಒಂದೇ ಜಾಗಕ್ಕೆ ಹಾಕಿದರೆ ಆ ಜಾಗವೂ ಬೋಳಾಗುತ್ತದೆ. ಆಗಾಗ ಜಾಗ ಬದಲಿಸಬೇಕು. ಎಂಆರ್‌ಐ ಸ್ಕ್ಯಾನಿಗೆ ಹೋಗುವಾಗ ತೆಗೆದಿಟ್ಟು ಹೋಗಬೇಕು.

ಟೇಪ್: ಎರಡೂ ಬದಿ ಅಂಟುವ ಪಟ್ಟಿ. ಹೊಸಬರಿಗೆ ಇದೇ ಸರಿ. ಕೈತಪ್ಪಿದರೆ ತೆಗೆದು ಮತ್ತೆ ಹಾಕಬಹುದು, ಮನೆಯಲ್ಲೇ ಕಲಿಯಬಹುದು.

ಅಂಟು: ಗ್ಲೂ ಬಾಂಡಿಂಗ್ ಎನ್ನುವುದು ಇದನ್ನೇ. ಹೆಚ್ಚು ಬಿಗಿ, ಮುಂಗೂದಲ ಗೆರೆ ನಯ. ತೆಗೆಯಲು ರಿಮೂವರ್ ದ್ರವ ಬೇಕೇ ಬೇಕು. ತಲೆಗೆಂದೇ ತಯಾರಿಸಿದ ಅಂಟೇ ಆಗಿರಬೇಕು. ಸೈನೋಆಕ್ರಿಲೇಟ್, ಅಂದರೆ ಚಪ್ಪಲಿ-ಪ್ಲಾಸ್ಟಿಕ್ ಅಂಟಿಸುವ ಕ್ವಿಕ್ ಜಾತಿಯ ಅಂಟು, ನೆತ್ತಿಗೆ ಮುಟ್ಟಲೇಬಾರದು. ಬಾಟಲಿಯ ಲೇಬಲ್ ನೋಡಲು ಕೇಳಿ. ಚೀಟಿ ಕಿತ್ತುಹಾಕಿದ ಬಾಟಲಿಯಿಂದ ಅಂಟು ಹಚ್ಚಲು ಬಂದರೆ ಒಪ್ಪಬೇಡಿ.

ನೇಯ್ಗೆ, ಅಂದರೆ ವೀವಿಂಗ್: ಸುತ್ತಲಿನ ಸ್ವಂತ ಕೂದಲನ್ನು ಸಣ್ಣ ಹೆಣಿಗೆ ಹಾಕಿ ಅದಕ್ಕೆ ಪ್ಯಾಚನ್ನು ದಾರದಿಂದ ಹೊಲಿಯುವುದು. ಶಾಶ್ವತ ಫಿಕ್ಸಿಂಗ್ ಎಂದು ಮಾರುವುದು ಹೆಚ್ಚಾಗಿ ಇದನ್ನೇ. ನನಗೆ ಇದು ಕೊಂಚವೂ ಹಿಡಿಸುವುದಿಲ್ಲ. ಕೆಳಗಿನ ಚರ್ಮವನ್ನು ತಿಂಗಳಾದರೂ ಸರಿಯಾಗಿ ತೊಳೆಯಲಾಗುವುದಿಲ್ಲ, ಉಳಿದ ಕೂದಲಿನ ಮೇಲೆ ಎಳೆತ ಬೀಳುತ್ತದೆ, ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಅಷ್ಟರಲ್ಲೇ ಪ್ಯಾಚ್ ಸಡಿಲವಾಗಿ ಎದ್ದು ನಿಲ್ಲುತ್ತದೆ. ಶಾಶ್ವತ ಎನ್ನುವ ಮಾತು ಈ ವ್ಯಾಪಾರದಲ್ಲಿ ಯಾವುದಕ್ಕೂ ಸಲ್ಲುವುದಿಲ್ಲ.

ಇನ್ನೊಂದು ವಿಷಯವನ್ನು ಸೆಂಟರಿನಲ್ಲಿ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಹಿರಿಯರು ತೀರಿಕೊಂಡಾಗ ಮಗ ತಲೆ ಬೋಳಿಸಿಕೊಳ್ಳಬೇಕು, ಹರಕೆ ಇದ್ದರೆ ತಿರುಪತಿಯಲ್ಲೋ ಮಾದಪ್ಪನ ಬೆಟ್ಟದಲ್ಲೋ ಮುಡಿ ಕೊಡಬೇಕು. ಅಂಥ ಹೊತ್ತಿನಲ್ಲಿ ಹತ್ತು ಜನರ ಮುಂದೆ ಪ್ಯಾಚ್ ಕೀಳಲು ಪರದಾಡುವ ಸ್ಥಿತಿ ಯಾರಿಗೂ ಬೇಡ. ಒಂದು ಬಾಟಲಿ ರಿಮೂವರ್ ಮನೆಯಲ್ಲಿಟ್ಟುಕೊಂಡು, ತೆಗೆಯುವುದನ್ನು ಮೊದಲೇ ಕಲಿತಿರಿ.

6. ಚರ್ಮ ಒಪ್ಪುತ್ತದೆಯೇ?

ಹಾಕಿಸುವ ಎರಡು-ಮೂರು ದಿನ ಮೊದಲು ಅವರು ಬಳಸುವ ಟೇಪಿನ ಒಂದು ತುಂಡು, ಅಂಟಿನ ಒಂದು ಹನಿ ಕೇಳಿ ಪಡೆದು ಮೊಣಕೈಯ ಒಳಬದಿಗೆ ಹಚ್ಚಿ 48 ಗಂಟೆ ಬಿಡಿ. ಕೆಂಪಾಗಿ ಕೆರೆದರೆ, ಗುಳ್ಳೆ ಎದ್ದರೆ ಆ ಅಂಟು ನಿಮಗೆ ಆಗುವುದಿಲ್ಲ. ಹೇರ್ ಡೈ ಹಚ್ಚಿದಾಗ ಮುಖ ಊದಿಕೊಳ್ಳುವವರು ಅದನ್ನೂ ಮೊದಲೇ ತಿಳಿಸಿ. ತಲೆಯ ಮೇಲಿರುವ ಪ್ಯಾಚಿಗೆ ಡೈ ಹಾಕಿದರೆ ಅದು ಚರ್ಮಕ್ಕೂ ಇಳಿಯುತ್ತದೆ. ಹೊಟ್ಟು, ಸೋರಿಯಾಸಿಸ್, ಕಜ್ಜಿ ಇರುವವರು ಅದು ಹತೋಟಿಗೆ ಬರುವತನಕ ಕಾಯಬೇಕು.

7. ಅಳತೆ, ಮುಂಗೂದಲ ಗೆರೆ, ದಟ್ಟಣೆ

ಹುಬ್ಬು ಮೇಲೆತ್ತಿದಾಗ ಹಣೆಯಲ್ಲಿ ಮೂಡುವ ಎಲ್ಲಕ್ಕಿಂತ ಮೇಲಿನ ಸುಕ್ಕನ್ನು ನೋಡಿ. ಮುಂಗೂದಲ ಗೆರೆ ಅದಕ್ಕಿಂತ ಒಂದು ಬೆರಳಾದರೂ ಮೇಲಿರಬೇಕು. ವಯಸ್ಸು ನಲವತ್ತು ದಾಟಿದ್ದರೆ ಇನ್ನೂ ಸ್ವಲ್ಪ ಮೇಲಿದ್ದರೂ ಚೆಂದ, ಹಣೆಯ ಮೂಲೆಗಳು ಕೊಂಚ ಹಿಂದೆ ಸರಿದಿದ್ದರೆ ಇನ್ನೂ ಚೆಂದ. ದಟ್ಟಣೆಯನ್ನು ತಯಾರಕರು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. 130 ಎಂದರೆ ಬಹಳ ದಟ್ಟ. ಐವತ್ತರ ಆಸುಪಾಸಿನವರಿಗೆ 80ರಿಂದ 100 ಸಾಕು. ಜನ ಪ್ಯಾಚನ್ನು ಗುರುತು ಹಿಡಿಯುವುದು ಹೆಚ್ಚಾಗಿ ಮೂರು ಕಾರಣಕ್ಕೆ: ವಯಸ್ಸಿಗೆ ಮೀರಿದ ದಟ್ಟಣೆ, ಗೆರೆ ಎಳೆದಂತೆ ನೇರವಾದ ಮುಂಗೂದಲು, ಪಕ್ಕದ ಕೂದಲಿಗೆ ಹೊಂದದ ಬಣ್ಣ.

ಅಳತೆ ತೆಗೆಯುವಾಗ ತಲೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಪಾರದರ್ಶಕ ಟೇಪ್ ಹಾಕಿ, ಬೋಳಾದ ಜಾಗದ ಅಂಚನ್ನು ಪೆನ್ನಿನಲ್ಲಿ ಗುರುತಿಸುತ್ತಾರೆ. ಆ ಅಚ್ಚು ನಿಮ್ಮದೇ. ಅದರ ಫೋಟೊ ತೆಗೆದುಕೊಳ್ಳಿ. ಮುಂದೆ ಬೇರೆ ಕಡೆ ಮಾಡಿಸಬೇಕಾದರೆ ಉಪಯೋಗಕ್ಕೆ ಬರುತ್ತದೆ.

ಟ್ರಯಲ್ ನೋಡುವಾಗ ಸೆಂಟರಿನ ದೀಪದ ಕೆಳಗೆ ನೋಡಿ ಒಪ್ಪಬೇಡಿ. ಬಾಗಿಲ ಹೊರಗೆ, ಬಿಸಿಲಲ್ಲಿ, ಕೈಕುಲುಕುವಷ್ಟು ದೂರದಲ್ಲಿ ನಿಮ್ಮವರೊಬ್ಬರನ್ನು ನಿಲ್ಲಿಸಿ ನೋಡಲು ಹೇಳಿ. ಗಾಳಿಗೆ ಹಣೆಯ ಕೂದಲು ಎದ್ದಾಗ ಬೇಸಿನ ಅಂಚು ಹೊಳೆಯುತ್ತದೆಯೇ ಎಂದು ಅವರು ನೋಡಲಿ.

8. ಲೆಕ್ಕ ಹಾಕುವುದು

ಪ್ಯಾಚಿನ ಬೆಲೆ ಕೇಳಬೇಡಿ, ವರ್ಷದ ಖರ್ಚು ಕೇಳಿ. ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಪ್ಯಾಚಿಗೆ 18,000 ರೂಪಾಯಿ, ಎಂಟು ತಿಂಗಳು ಬಾಳಿಕೆ ಎಂದುಕೊಂಡರೆ ವರ್ಷಕ್ಕೆ 27,000. ಮೂರು ವಾರಕ್ಕೊಮ್ಮೆ ಸರ್ವಿಸ್, ಪ್ರತಿ ಸಲ 1,000 ಎಂದರೆ ವರ್ಷಕ್ಕೆ ಹದಿನೇಳು ಸಲ, 17,000. ಟೇಪು, ರಿಮೂವರ್, ಶಾಂಪೂ, ಕಂಡೀಷನರ್‌ಗೆ ತಿಂಗಳಿಗೆ 400 ಎಂದರೆ 4,800. ಒಟ್ಟು 48,800. ಅಂದರೆ ತಿಂಗಳಿಗೆ ನಾಲ್ಕು ಸಾವಿರಕ್ಕೂ ಮೇಲೆ, ಐದು ವರ್ಷಕ್ಕೆ 2,44,000. ನಿಮ್ಮ ಊರಿನ, ನಿಮ್ಮ ಸೆಂಟರಿನ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಹಳ್ಳಿಯಿಂದ ಹುಬ್ಬಳ್ಳಿಗೋ ಮೈಸೂರಿಗೋ ಸರ್ವಿಸಿಗೆ ಹೋಗಿ ಬರುವವರು ಬಸ್ ಚಾರ್ಜು, ಆ ದಿನದ ಕೂಲಿಯನ್ನೂ ಸೇರಿಸಿ.

ಈ ಖರ್ಚಿನಲ್ಲಿ ಉಳಿಸಬಹುದಾದದ್ದು ಸರ್ವಿಸ್. ಟೇಪ್ ಕೂರಿಸುವುದು, ತೆಗೆಯುವುದು, ತೊಳೆಯುವುದು ಕಲಿತರೆ ಹದಿನೇಳರಲ್ಲಿ ಹನ್ನೆರಡನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಕಲಿಸುವುದಿಲ್ಲ ಎನ್ನುವ ಸೆಂಟರಿಗೆ ನಿಮ್ಮ ತಲೆಗಿಂತ ನಿಮ್ಮ ತಿಂಗಳ ಕಂತು ಮುಖ್ಯ. ಸಾಧ್ಯವಾದರೆ ಎರಡು ಪ್ಯಾಚ್ ಇಟ್ಟುಕೊಂಡು ಬದಲಾಯಿಸುತ್ತಿರಿ, ಎರಡೂ ಹೆಚ್ಚು ದಿನ ಬರುತ್ತವೆ, ಒಂದು ಹರಿದರೆ ಮನೆಯಲ್ಲೇ ಕೂರುವ ಪಾಡು ತಪ್ಪುತ್ತದೆ.

9. ಸೆಂಟರಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಹೊಸ ಪ್ಯಾಚಿನ ಫೋಟೊ ತೋರಿಸಿದರೆ, ಮೂರು ತಿಂಗಳು ಹಳೆಯದನ್ನು ಧರಿಸಿರುವ ಗಿರಾಕಿ ಯಾರಾದರೂ ನೋಡಲು ಸಿಗುತ್ತಾರಾ ಎಂದು ಕೇಳಿ. ಕೆಲಸ ಮಾಡುವವರಲ್ಲೇ ಪ್ಯಾಚ್ ಹಾಕಿಕೊಂಡವರು ಇರುವುದುಂಟು, ಅವರದ್ದನ್ನು ನೋಡಿ. ಪ್ರತ್ಯೇಕ ಕೋಣೆ ಇದೆಯೇ, ಒಬ್ಬರಿಗೆ ಬಳಸಿದ ಬಾಚಣಿಗೆ, ಬ್ಲೇಡು, ಟವೆಲ್ ಇನ್ನೊಬ್ಬರಿಗೆ ಬಳಸುತ್ತಾರೆಯೇ ಎಂದು ಗಮನಿಸಿ. ನಿಮ್ಮ ಮೊದಲು-ನಂತರದ ಫೋಟೊಗಳನ್ನು ಜಾಹೀರಾತಿಗೆ ಹಾಕಬಾರದು ಎಂದು ಬರವಣಿಗೆಯಲ್ಲಿ ತಿಳಿಸಿ.

ಬಿಲ್ಲಿನಲ್ಲಿ ಇವು ಇರಲೇಬೇಕು: ಬೇಸ್ ಯಾವುದು, ಅಳತೆ ಎಷ್ಟು ಇಂಚು, ಕೂದಲು ಯಾವ ಬಗೆ, ಗ್ಯಾರಂಟಿ ಎಷ್ಟು ದಿನ, ಗ್ಯಾರಂಟಿ ಬೇಸಿಗೋ ಕೂದಲಿಗೋ, ಸರ್ವಿಸ್ ದರ ಎಷ್ಟು. ಕೂದಲು ಉದುರಿದರೆ ಮತ್ತೆ ಕಟ್ಟಿಕೊಡುತ್ತಾರಾ ಎಂಬುದನ್ನೂ ಬರೆಸಿ. ವರ್ಷದ ಪ್ಯಾಕೇಜ್ ಎಂದು ಮುಂಗಡವಾಗಿ ಪೂರ್ತಿ ಹಣ ಕಟ್ಟಬೇಡಿ. ಇವತ್ತು ಕಟ್ಟಿದರೆ ಮಾತ್ರ ಅರ್ಧ ಬೆಲೆ ಎಂಬ ಒತ್ತಾಯಕ್ಕೆ ಮಣಿಯಬೇಡಿ. ಬಾಯಿಮಾತಿನಲ್ಲಿ ಹೇಳಿದ್ದು ಬಿಲ್ಲಿನಲ್ಲಿ ಇಲ್ಲದಿದ್ದರೆ ಅದು ಇಲ್ಲವೆಂದೇ ತಿಳಿಯಿರಿ. ಮೋಸವಾಯಿತು ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಎರಡು ಕಡೆಯೂ ಮೊದಲು ಕೇಳುವುದು ಬಿಲ್ಲನ್ನೇ.

10. ಮೊದಲ ತಿಂಗಳು

ಅಂಟು ಹಾಕಿದ ಮೇಲೆ 24 ಗಂಟೆ ತಲೆಗೆ ನೀರು ಬೇಡ. ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಇದ್ದರೆ ಪ್ಯಾಚಿನ ಬುಡಕ್ಕೆ ತಾಗಿಸಬೇಡಿ, ಎಣ್ಣೆ ತಾಗಿದರೆ ಟೇಪು ಬಿಡುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕೂದಲಿಗೆ ಸುಣ್ಣ ಕೂತು ಒರಟಾಗುತ್ತದೆ, ಕೊನೆಯ ಚೊಂಬು ನೀರನ್ನಾದರೂ ಆರ್‌ಒ ಫಿಲ್ಟರಿನದ್ದು ಬಳಸಿ. ಪ್ಯಾಚಿನ ಕೂದಲಿಗೆ ಬುಡದಿಂದ ಜಿಡ್ಡು ಬರುವುದಿಲ್ಲ, ಹಾಗಾಗಿ ಶಾಂಪೂವಿಗಿಂತ ಕಂಡೀಷನರ್ ಮುಖ್ಯ. ಬಾಚುವಾಗ ತುದಿಯಿಂದ ಶುರು ಮಾಡಿ ಬುಡದ ಕಡೆ ಬನ್ನಿ. ಹೆಲ್ಮೆಟ್ಟಿನ ಒಳಗೆ ನಯವಾದ ತೆಳು ಬಟ್ಟೆಯ ಟೋಪಿ ಹಾಕಿ, ಹೆಲ್ಮೆಟ್ಟನ್ನು ಹಿಂದಿನಿಂದ ಮುಂದಕ್ಕೆ ತಿಕ್ಕದೆ ನೇರ ಮೇಲಕ್ಕೆತ್ತಿ ತೆಗೆಯಿರಿ. ಮುಂದಿನ ಲೇಸ್ ಮೊದಲು ಹರಿಯುವುದು ಅಲ್ಲೇ.

ತೆಗೆಯುವಾಗ ಎಳೆಯಬೇಡಿ. ರಿಮೂವರನ್ನು ಅಂಚಿಗೆ ಹನಿಸಿ, ಕೆಲವು ನಿಮಿಷ ಬಿಟ್ಟು, ಅಂಟು ತಾನಾಗಿ ಜಾರುವಾಗ ನಿಧಾನಕ್ಕೆ ಮಗುಚುತ್ತ ಬನ್ನಿ. ತೆಗೆದ ಮೇಲೆ ನೆತ್ತಿ ತೊಳೆದು, ಒಂದು ರಾತ್ರಿಯಾದರೂ ಬರಿ ತಲೆಯಲ್ಲಿ ಮಲಗಿ. ಚರ್ಮದಲ್ಲಿ ಕೆಂಪು, ದುರ್ವಾಸನೆ, ನೀರು ಜಿನುಗುವುದು ಕಂಡರೆ ಪ್ಯಾಚನ್ನು ಪಕ್ಕಕ್ಕಿಟ್ಟು ವೈದ್ಯರ ಬಳಿ ಹೋಗಿ. ಮದುವೆ ಗೊತ್ತಾಗುತ್ತಿರುವವರು ನಿಶ್ಚಿತಾರ್ಥದ ಮೊದಲೇ ಹೇಳಿಬಿಡಿ. ಹೇಳದೆ ಇಟ್ಟುಕೊಂಡು ಆಮೇಲೆ ಗೊತ್ತಾದಾಗ ನೋಯಿಸುವುದು ಬೊಕ್ಕತಲೆಯಲ್ಲ, ಮುಚ್ಚಿಟ್ಟದ್ದು.

ಹೆಣ್ಣುಮಕ್ಕಳಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ

ಬೈತಲೆ ಅಗಲವಾಗುತ್ತ ಹೋಗುವ ಹೆಣ್ಣುಮಕ್ಕಳಿಗೆ ಪೂರ್ತಿ ವಿಗ್ ಬೇಕಾಗಿಲ್ಲ, ಟಾಪರ್ ಎನ್ನುವ ಸಣ್ಣ ಪ್ಯಾಚ್ ಸಾಕು. ನಮ್ಮ ಅಜ್ಜಿಯರು ಜಡೆಗೆ ಚೌರಿ ಸೇರಿಸುತ್ತಿದ್ದರಲ್ಲ, ಇದನ್ನು ನೆತ್ತಿಗೆ ಸೇರಿಸುವುದು, ಅಷ್ಟೇ. ಕ್ಲಿಪ್ಪಿನದ್ದನ್ನೇ ಆರಿಸಿ, ರಾತ್ರಿ ತೆಗೆದಿಡಿ. ಉದ್ದ ಕೂದಲಿನ ಟಾಪರ್ ಭಾರ ಹೆಚ್ಚು, ಕ್ಲಿಪ್ಪಿನ ಎಳೆತವೂ ಹೆಚ್ಚು. ಹೆಗಲ ಮಟ್ಟದ್ದು ಸಾಕು ಎಂಬುದು ನನ್ನ ಸಲಹೆ.

ಕೀಮೊ ಶುರುವಾಗಿ ಎರಡರಿಂದ ನಾಲ್ಕು ವಾರದಲ್ಲಿ ಸಾಮಾನ್ಯವಾಗಿ ಕೂದಲು ಉದುರಲು ತೊಡಗುತ್ತದೆ. ವಿಗ್ ಬೇಕೆನಿಸಿದರೆ ಚಿಕಿತ್ಸೆಗೆ ಮೊದಲೇ, ಕೂದಲು ಇರುವಾಗಲೇ, ಹಗಲು ಬೆಳಕಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಂಡು ಒಂದು ಎಳೆ ಕೂದಲು ತೆಗೆದಿಟ್ಟುಕೊಳ್ಳಿ. ಬಣ್ಣ, ಸುರುಳಿ ಹೊಂದಿಸಲು ಬೇಕಾಗುತ್ತದೆ. ಆ ದಿನಗಳಲ್ಲಿ ನೆತ್ತಿ ಮುಟ್ಟಿದರೆ ನೋಯುವಷ್ಟು ಸೂಕ್ಷ್ಮವಾಗಿರುತ್ತದೆ, ರೋಗನಿರೋಧಕ ಶಕ್ತಿಯೂ ಕುಂದಿರುತ್ತದೆ. ಆದ್ದರಿಂದ ಅಂಟು, ಟೇಪು, ಹೊಲಿಗೆ ಯಾವುದೂ ಬೇಡ. ಒಳಗೆ ಹತ್ತಿಯ ಟೋಪಿ, ಮೇಲೆ ಹಿಗ್ಗಿಸಿ ಕುಗ್ಗಿಸಬಹುದಾದ ಪಟ್ಟಿಯ ಹಗುರ ವಿಗ್ ಸಾಕು. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಕೂದಲು ಮರಳಿ ಬರುವುದರಿಂದ ದುಬಾರಿ ಮಾನವ ಕೂದಲಿನದ್ದೇ ಬೇಕೆಂದಿಲ್ಲ. ಸಿಂಥೆಟಿಕ್ ವಿಗ್ ಹಗುರ, ತೊಳೆದು ಒಣಗಿಸಿದರೆ ಅದೇ ಆಕಾರಕ್ಕೆ ಬರುತ್ತದೆ. ಬಿಸಿ ಮಾತ್ರ ತಾಗಬಾರದು: ದೋಸೆ ಕಾವಲಿಯ ಮೇಲೆ ಬಾಗುವಾಗ, ಕುಕ್ಕರಿನ ಮುಚ್ಚಳ ತೆಗೆಯುವಾಗ ಹಣೆಯ ಮೇಲಿನ ಎಳೆಗಳು ಸುರುಟಿಕೊಂಡುಬಿಡುತ್ತವೆ. ಅಡುಗೆಮನೆಗೆ ಹೋಗುವಾಗ ಅದನ್ನು ತೆಗೆದಿಟ್ಟು ತಲೆಗೊಂದು ಹತ್ತಿ ಬಟ್ಟೆ ಕಟ್ಟಿಕೊಳ್ಳಿ. ವಿಗ್ ಬೇಡ ಎನಿಸಿದ ದಿನ ಹೊರಗೆ ಹೋಗುವಾಗಲೂ ಆ ಬಟ್ಟೆಯೇ ಸಾಕು. ಅದನ್ನು ನಿರ್ಧರಿಸುವುದು ಚಿಕಿತ್ಸೆಯಲ್ಲಿರುವವರ ಇಷ್ಟ, ಮನೆಯವರು ವಿಗ್ ಹಾಕಿಕೋ ಎಂದು ಒತ್ತಾಯಿಸಬಾರದು.